ಕೊಟ್ಟ ಜಾಗಾದಾಗ ಮತ್ತ ಬರಿಯೂ ಡ್ರೈವರ್

ಸತ್ತಿ, ತಾ. ಅಥಣಿ
12 ಜನೇವರಿ 2025

ಪ್ರೀತಿಯ ಯಜಮಾನರಿಗೆ (ಹೆಸರು ಬರದ್ರ ನಿಮ್ಮ ಅವ್ವ ನೋಡಿ ಸಿಟ್ಟಾಗ್ತಾರ),

ಗಡಿ ಮ್ಯಾಲೆ ಹಿಮ ಭಾಳ ಬೀಳಾಕತ್ತೈತಂತ ಸುದ್ದ್ಯಾಗ ಕೇಳಿದೆ. ಕಾಲ ಬೆರಳಿನ ಉರಿ ಕಡಿಮಿ ಆತೇನ್ರಿ? ಉಣ್ಣಿ ಕಾಲಚೀಲ ಪೆಟ್ಟಿಗ್ಯಾಗ ಇಟ್ಟು ಪೂಜಾ ಮಾಡಬ್ಯಾಡ್ರಿ, ಹಾಕ್ಕೋರಿ. ನಾವು ಅತ್ತಿ-ಸೊಸಿ ಆರಾಮ ಅದೀವಿ. ನಿಮಗ ಫೋನ್ ಹತ್ತೂದಿಲ್ಲ, ಹಂಗಾಗಿ ನನ್ನ ಸಿಟ್ಟೆಲ್ಲಾ ಕಾಗದದ ಮ್ಯಾಲೆ ಇಳಸಾಕತ್ತೀನಿ. ಪೂರಾ ಓದ್ರಿ.

ನಾ ಮನ್ಯಾಗ ಕುಂತು ಕೆಲಸ ಮಾಡೂ ಪುಣೆ ಕಂಪನಿ, ದವಾಖಾನಿಗಳ ಕಂಪ್ಯೂಟರಿಗೆ ಡಿಸ್ಕಿನ ಡ್ರೈವರ್ ಮಾಡಿ ಕೊಡ್ತೈತಲ್ಲ, ಡಿಸ್ಕಿಗೂ ಕಂಪ್ಯೂಟರಿಗೂ ನಡಕ ಮಾತಾಡೂ ಪ್ರೋಗ್ರಾಮು, ಅದರಾಗ ನನಗ ಒಂದು ತೂತು ಸಿಕ್ತು. ಕಾಪಿ ನಡದಾಗ ಯಾರರ ಡಿಸ್ಕಿನ ವಯರ್ ಕಿತ್ರ, ಡ್ರೈವರ್ ತನ್ನ ಮೆಮರಿ ಜಾಗಾ ಕಂಪ್ಯೂಟರಿಗೆ ವಾಪಸ್ ಕೊಡ್ತೈತಿ. ಕೊಟ್ಟಿದ್ದು ಮರತು ಅದೇ ಜಾಗಾದಾಗ ಮತ್ತ ಬರಿತೈತಿ. ಅಷ್ಟೊತ್ತಿಗೆ ಅಲ್ಲಿ ಬ್ಯಾರೆ ಪ್ರೋಗ್ರಾಮಿನ ಸಾಮಾನ ಬಂದಿರ್ತಾವ. ಒಮ್ಮೊಮ್ಮೆ ಯಂತ್ರ ನಿಂತ ಬಿಡ್ತೈತಿ. ಬಲ್ಲ ಕಳ್ಳ ಇದ್ರ ಆ ಜಾಗಾದಾಗ ಹೊಕ್ಕು ಇಡೀ ಯಂತ್ರ ಕೈಯಾಗ ತಗೋಬಹುದು.

ಮ್ಯಾನೇಜರ್ ಅಮಿತಗ ಹೇಳಿದ್ರ, “ಕಾಪಿ ನಡದಾಗ ವಯರ್ ಯಾರ ಕೀಳ್ತಾರ?” ಅಂದ. ಅವ ಒಮ್ಮೆ ನಮ್ಮ ಕಡೆ ದವಾಖಾನ್ಯಾಗ ಬಂದು ನಿಲ್ಲಲಿ, ಫೋನ್ ಚಾರ್ಜಿಗೆ ಹಚ್ಚಾಕ ಏನೇನ ಕೀಳ್ತಾರಂತ ನೋಡಲಿ. ಕಡೀಕ, ಬರಿಯೂಕಿಂತ ಮೊದಲ ಜಾಗಾ ಇನ್ನೂ ನಮ್ಮದೈತೇನು ಅಂತ ಕೇಳೂ ಒಂದು ಸಾಲು ಪ್ರೋಗ್ರಾಮಿನ್ಯಾಗ ತಾನೇ ಸೇರಿಸಿದ. ಕೇಳಿ ಬರಿಯೂದರಾಗ, ಆ ನಡಕ ವಯರ್ ಕಿತ್ರ? “ಶುಕ್ರವಾರ ಗಿರಾಕಿಗೆ ಕೊಡೂದೈತಿ, ಪರೀಕ್ಷಾ ಆಗೈತಿ ಅಂತ ಸಹಿ ಮಾಡು,” ಅಂದ ಅಮಿತ. ನಾ ಮಾಡಂಗಿಲ್ಲ ಅಂದೆ. ಆಮ್ಯಾಲೆ ನನ್ನ ಫೋನು ಎತ್ತೂದು ಬಿಟ್ಟ.

ನಾ ಖರೇ ತಿದ್ದುಪಡಿ ಬರದೆ: ಆ ಜಾಗಾ ಎಷ್ಟು ಕೆಲಸಗೋಳು ಹಿಡಕೊಂಡಾವ ಅಂತ ಎಣಿಸಿ, ಕಡೇದು ಬಿಟ್ಟ ಮ್ಯಾಲೇ ವಾಪಸ್ ಕೊಡೂದು. ಆದ್ರ ಅವನ ಸಾಲು ಸಾಲಂಗಿಲ್ಲ ಅಂತ ತೋರಸಾಕ ನಾ ಕೀಬೋರ್ಡಿನ ಮುಂದ ಇರಬೇಕು, ಇನ್ನೊಬ್ಬರು ಹೇಳಿದ ಗಳಿಗಿಗೆ ವಯರ್ ಕೀಳಬೇಕು. ಮನ್ಯಾಗ ಇನ್ಯಾರದಾರ? ನಿಮ್ಮ ಅವ್ವ ರೊಟ್ಟಿ ಬಡಿಯೂದು ಬಿಟ್ಟು, ಹಿಟ್ಟಿನ ಕೈಲೇ ಬಂದ್ರು. ಮೊದಲ “ಈಗ” ಅಂದಾಗ ಕೀಳಲಿಲ್ಲ: “ಲುಕ್ಸಾನ ಆದ್ರ ನನಗ ಅನಬ್ಯಾಡ.” ಮುಂದ ನಾ ಅನ್ನೂಕಿಂತ ಮೊದಲ ಕಿತ್ರು. ಕರೆಂಟ್ ಹೋತು. ಹಂಚಿನ್ಯಾಗಿನ ರೊಟ್ಟಿ ಹೊತ್ತಿತು. ನಾ ಜೋರ ಮಾಡಿದೆ. “ನನ್ನ ಮಗ ಗಡಿ ಕಾಯ್ತಾನ, ನೀ ಏನ ಕಾಯ್ತಿ ಬೇ, ವಯರ್?” ಅಂದ್ರು. ನನಗ ಅಳು ಬಂತು. ಅವರು ಹೋಗಿ ಕೈ ತೊಳಕೊಂಡು ಬಂದು ಕುಂತ್ರು. “ಹೇಳು, ಯಾವಾಗ ಕೀಳ್ಲಿ?”

ಶುಕ್ರವಾರ ಮುಂಜಾನೆ ಅಮಿತನ ಮ್ಯಾಲಿನ ಸಾಹೇಬರನ್ನೂ ವಿಡಿಯೋ ಕಾಲಿಗೆ ಕರದೆ. ಎಲ್ಲಾರ ಕಣ್ಣ ಮುಂದ, ಅವನ ಸಾಲು ಹಾಕಿದ ಯಂತ್ರ ಸತ್ತು ಬಿತ್ತು. ನನ್ನ ತಿದ್ದುಪಡಿ ಹಾಕಿದ್ದು, ಅವ್ವ ಎಷ್ಟ ಸಲ ವಯರ್ ಕಿತ್ರೂ ನಡದೇ ಇತ್ತು. ಅಮಿತ ತಪ್ಪಾತು ಅನ್ನಲಿಲ್ಲ. “ನಿಂದು ಹಾಕೋಣ” ಅಂದ, ಅಷ್ಟ.

ಅವ್ವ ನಿಮಗ ಆಶೀರ್ವಾದ ತಿಳಿಸ್ಯಾರ. ಹೊಟ್ಟಿ ತುಂಬ ಉಣ್ರಿ, ತಲಿ ಮುಚ್ಚಿಕೊಂಡ ಮಲಗ್ರಿ.

ನಿಮ್ಮ,
ಉಜ್ವಲಾ

ತಾ.ಕ.: ನಾವು ಹೊಂಡೂ ಅಥಣಿ ಬಸ್ಸು ಬಂತು, ಮುಖ್ಯದ್ದು ಬರಿಯೂದ ಬಿಟ್ಟಿದ್ದೆ. ಹಳೇ ಡ್ರೈವರಗಳಾಗೂ ಇದೇ ತೂತು ಐತಂತ, ಎಲ್ಲಾ ತಿದ್ದಾಕ ಕಂಪನಿಯವರು ಹೋಳಿ ಹಬ್ಬದ ತನಕ ನನ್ನ ಪುಣೆಕ್ಕ ಕರದಾರ. ನಿಮ್ಮನ್ನ ಕೇಳಲಾರದ ಹೂಂ ಅಂದೀನಿ. ಅವ್ವನೂ ನನ್ನ ಜೋಡಿ ಬರಾಕತ್ತಾರ. ರಜಾ ಸಿಕ್ರ ಸತ್ತಿಗೆ ಬರಬ್ಯಾಡ್ರಿ, ಪುಣೆದಾಗ ಇಳೀರಿ. ಸಿಟ್ಟು ಮಾಡೂದಿದ್ರ ಅಲ್ಲೇ ಬಂದು ಮಾಡ್ರಿ.