ಬೂತಾಯಿಯ ತಲೆ

ಮಣ್ಣಗುಡ್ಡ, ಮಂಗಳೂರು
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ರುಮೈಸಾ,

ನೀನು ಅಜ್ಜಿಯಾದೆ! ಇಷ್ಟನ್ನು ಬರೆಯಲು ನನಗೆ ಇಷ್ಟು ದಿನ ಬೇಕಾಯಿತು. ಮೊದಲು ಅದಕ್ಕೆ ಬೈದುಬಿಡು, ಆಮೇಲೆ ಮುಂದೆ ಓದು. ಶಾಹುಲ್‌ಗೆ ಹೆಣ್ಣುಮಗು ಎಂದು ನಿನ್ನ ತಮ್ಮ ಅಬೂಬಕ್ಕರ್ ಹೇಳಿದ. ಹೆಸರೇನಿಟ್ಟರು ಎಂದು ಕೇಳಿದರೆ, "ಎಂತದೋ ಉದ್ದದ್ದು ಉಂಟು ಅಕ್ಕ, ನನ್ನ ಬಾಯಿಗೆ ಬರುದಿಲ್ಲ" ಎಂದ. ಹೆಸರೇ ಗೊತ್ತಿಲ್ಲದ ಮಗುವಿಗೆ ಒಂದು ಮುತ್ತು ಕೊಡು, ನನ್ನ ಲೆಕ್ಕದಲ್ಲಿ.

ಅವನು ಬರುವ ವಾರ ಸೌದಿಗೆ, ನಿಮ್ಮ ಜುಬೈಲಿಗೆ ಹೊರಟಿದ್ದಾನಲ್ಲ, ಅವನ ಕೈಯಲ್ಲಿ ಬಾಣಂತಿ ಲೇಹ್ಯ ಕಳಿಸುತ್ತಿದ್ದೇನೆ. ಜೊತೆಗೆ ಈ ಕಾಗದ. ನಾವು ಕಾಗದ ಬರೆದುಕೊಳ್ಳದೆ ಎಷ್ಟು ಕಾಲವಾಯಿತು! ಕಾಲೇಜಿನ ಬೇಸಿಗೆ ರಜೆಯಲ್ಲಿ ಬರೆಯುತ್ತಿದ್ದೆವು. ಆಮೇಲೆ ಫೋನು ಬಂತು, ನಾವು ಸೋಮಾರಿಗಳಾದೆವು. ಈಗ ಆ ಫೋನು ಕಂಡರೆ ನನಗೆ ಮೈ ಉರಿಯುತ್ತದೆ. ಮೇಜಿನ ಮೇಲೆ ಬೋರಲು ಹಾಕಿ ಇಟ್ಟಿದ್ದೇನೆ.

ನೀನು ಅಲ್ಲಿ ಕೂತು ಅರ್ಧ ಕೇಳಿರುತ್ತೀ, ಅರ್ಧ ತಪ್ಪು ಕೇಳಿರುತ್ತೀ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಲಾಕ್‌ಡೌನಿನಲ್ಲಿ ನಾವಿಬ್ಬರೂ ಸೇರಿ ಇಂಟರ್ನೆಟ್ಟಿನಲ್ಲಿ ಶುರುಮಾಡಿದ ಆ ಅಡುಗೆಯ ಗುಂಪು, 'ಕುಡ್ಲದ ಮೀನಿನ ಒಲೆ', ಕಳೆದ ವರ್ಷವೇ ನಲವತ್ತು ಸಾವಿರ ಜನ ದಾಟಿತ್ತಲ್ಲ. ಎಂತೆಂಥ ಜನ ಇದ್ದರು! ಪುನರ್ಪುಳಿಯೋ ಹುಣಸೆಯೋ ಎಂದು ಮೂರು ದಿನ ಕಿತ್ತಾಡಿದವರು, ಬೆಳಗಾದರೆ ಗುಲಾಬಿ ಹೂವಿನ ಚಿತ್ರ ಹಾಕುವವರು, ಗಾಳಿಪಟದ ಹಾಗೆ ಹಾರಿಬಂದು "ರೇಟ್ ಎಷ್ಟು" ಎಂದು ಕೇಳಿ ಮಾಯವಾಗುವವರು. ಬೆಂದೂರಿನ ಯೂಸ್ಟೇಸ್ ಎಂಬವರಂತೂ ನನ್ನ ಪ್ರತಿಯೊಂದು ಅಡುಗೆಗೂ "ಉಪ್ಪು ಜಾಸ್ತಿ ಇರಬಹುದು" ಎಂದು ಬರೆಯುತ್ತಿದ್ದರು, ಚಿತ್ರ ನೋಡಿಯೇ. ಎಲ್ಲರ ಮೇಲೂ ನನಗೆ ಸಿಟ್ಟೂ ಇತ್ತು, ಪ್ರೀತಿಯೂ ಇತ್ತು.

ನೀನು ಮಗನ ಮನೆಗೆ ಹೋದ ಮೇಲೆ ಅಕ್ಟೋಬರಿನಲ್ಲಿ ಬೂತಾಯಿ ಬಂತು ನೋಡು, ಬುಟ್ಟಿಗಟ್ಟಲೆ. ಮೀನಿನ ಜಲಜಾಕ್ಷಿ ಗೇಟಿನಲ್ಲಿ ನಿಂತು, "ತಕೊಳ್ಳಿ ಅಕ್ಕ, ಇಂಥದ್ದು ಇನ್ನು ಸಿಗ್ಲಿಕ್ಕಿಲ್ಲ" ಎಂದು ಸುರಿದು ಹೋದಳು. ನಮ್ಮ ಅಮ್ಮ ಮಾಡುತ್ತಿದ್ದ ಹುಳಿಖಾರದ ಬೂತಾಯಿ ಪುಳಿಮುಂಚಿ ಮಾಡಿದೆ. ಅಮ್ಮ ಹೇಳುತ್ತಿದ್ದ ಹಾಗೆಯೇ ತುಳುವಿನಲ್ಲಿ, ಕನ್ನಡ ಅಕ್ಷರದಲ್ಲಿ ಬರೆದು, ಗುಂಪಿನ ಹೆಸರಿನಲ್ಲೇ ಹಾಕಿದೆ. ಮೊದಲ ಸಾಲು: "ಬೂತಾಯಿದ ತರೆ ಕಡ್ಪುಲೆ." ಮೀನಿನ ತಲೆ ಕತ್ತರಿಸಿ ಎಂದು. ಮತ್ತೆ ತಲೆ ಇಟ್ಟುಕೊಂಡು ಯಾರಾದರೂ ಬೂತಾಯಿ ಪುಳಿಮುಂಚಿ ಮಾಡುತ್ತಾರಾ?

ಗುಂಪಿಗೆ ಜಾಗ ಕೊಟ್ಟ ಆ ಕಂಪೆನಿಯವರ ಯಂತ್ರ ಈಗೀಗ ಬರೆದದ್ದರ ಕೆಳಗೆ ತಾನಾಗಿ ಅನುವಾದ ಮಾಡಿ ತೋರಿಸುತ್ತದೆ. ಯಾರೂ ಕೇಳದಿದ್ದರೂ ಮಾಡುತ್ತದೆ. ನನ್ನ ಸಾಲಿನ ಕೆಳಗೆ ಅದು ಬರೆದದ್ದು: "ಭೂತಾಯಿಯ ತಲೆ ಕಡಿಯಿರಿ."

ನಾನು ನೋಡಲೇ ಇಲ್ಲ. ನೋಡಿದ ಯಾರೋ ಒಬ್ಬರು ಅದರ ಫೋಟೋ ಹೊಡೆದು ಎಲ್ಲ ಕಡೆ ಹರಿಬಿಟ್ಟರು, ಅದರ ಕೆಳಗಿನ ಮೀನು ತೊಳೆದದ್ದು, ಮಸಾಲೆ ಅರೆದದ್ದು ಎಲ್ಲ ಕತ್ತರಿಸಿ ತೆಗೆದು. ಮರುದಿನ ಬೆಳಿಗ್ಗೆ ಗುಂಪಿಗೆ ಬೀಗ. "ಹಿಂಸೆಗೆ ಪ್ರಚೋದನೆ" ಅಂತೆ. ನಮ್ಮೆಜಮಾನರು ಸಂಕಪ್ಪ ಶೆಟ್ಟರು ಹೋಟೆಲಿಗೆ ಹೊರಟವರು ನಿಂತು ಅದನ್ನು ಎರಡು ಸಲ ಓದಿ, "ಹಿಂಸೆ ಆದದ್ದು ಮೀನಿಗಲ್ವಾ ಮಾರಾಯ್ತಿ, ಅದು ಕಂಪ್ಲೇಂಟ್ ಕೊಟ್ಟದ್ದಾ?" ಎಂದು ನಕ್ಕರು. ಆವಾಗ ನಾನೂ ನಕ್ಕೆ.

ನಾದಿನಿಯ ಮಗ ಅಕ್ಷಿತ್ ಇಲ್ಲೇ ಕಂಪ್ಯೂಟರ್ ಕೆಲಸದಲ್ಲಿದ್ದಾನಲ್ಲ, ಅವನನ್ನು ಕರೆಸಿದೆ. ಅವನು ನೋಡಿ, "ಅತ್ತೆ, ತುಳು ಅಂತ ಒಂದು ಭಾಷೆ ಉಂಟು ಅಂತ ಆ ಮೆಷಿನಿಗೆ ಗೊತ್ತಿಲ್ಲ. ಕನ್ನಡ ಅಕ್ಷರ ಕಂಡಿತು, ಕನ್ನಡ ಅಂತ ಓದಿತು" ಎಂದ. ಗೊತ್ತಿಲ್ಲದಿದ್ದರೆ ಸುಮ್ಮನಿರಬೇಕಲ್ಲ ರುಮೈಸಾ! ನಮಗೆ ಶಾಲೆಯಲ್ಲಿ ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಬೇಕೆಂದು ಕಲಿಸಿದ್ದರು. ಇಷ್ಟು ದೊಡ್ಡ ಕಂಪೆನಿಗೆ ಆ ಒಂದು ಮಾತು ಕಲಿಸಲು ಯಾರೂ ಇಲ್ಲವೇ?

"ನಾನು ಒಪ್ಪುವುದಿಲ್ಲ" ಎಂಬ ಒಂದು ಗುಂಡಿ ಇತ್ತು, ಒತ್ತಿದೆ. ಬೂತಾಯಿ ಎಂದರೆ ಮೀನು, ನಾವು ದಿನಾ ತಿನ್ನುವ ಮೀನು ಎಂದು ಬಿಡಿಸಿ ಬರೆದೆ. ಗಂಜಿಯ ಪಾತ್ರೆಗೆ ಮುಚ್ಚಳ ಹಾಕಿ ಬರುವಷ್ಟರಲ್ಲಿ ಉತ್ತರ: "ನಮ್ಮ ತಂಡ ಕೂಲಂಕಷವಾಗಿ ಪರಿಶೀಲಿಸಿದೆ. ತೀರ್ಮಾನದಲ್ಲಿ ಬದಲಾವಣೆ ಇಲ್ಲ." ಎಂಥ ತಂಡವೋ! ಅಲ್ಲಿ ಕೂತ ಒಬ್ಬ ಮನುಷ್ಯನ ನಂಬರ್ ಕೊಡು ಎಂದು ಅಕ್ಷಿತ್‌ನ ಬೆನ್ನು ಹತ್ತಿದೆ. "ಮನುಷ್ಯರದ್ದು ನಂಬರ್ ಇಲ್ಲ ಅತ್ತೆ ಅಲ್ಲಿ" ಎಂದ, ಪಾಪ, ತಾನೇ ತಪ್ಪು ಮಾಡಿದವನ ಹಾಗೆ ಮುಖ ಮಾಡಿಕೊಂಡು.

ಇಷ್ಟಕ್ಕೇ ಮುಗಿದಿದ್ದರೆ ನಿನಗೆ ತಮಾಷೆಯ ಕಾಗದ ಬರೆಯುತ್ತಿದ್ದೆ.

ಆ ಸಂಜೆ ಇಲ್ಲಿನ ಒಂದು ವೆಬ್ ಚಾನೆಲಿನಲ್ಲಿ ಬಂತು: "ಮೀನಿನ ಹೆಸರಲ್ಲಿ ಭೂತಾಯಿಗೆ ಅವಮಾನ? ಯಾರೀ ಮಹಿಳೆ?" ಕೆಂಪು ಬಾಣ, ಢಣಢಣ ಸಂಗೀತ. ಬಾಣ ತೋರಿಸಿದ್ದು ನಿನ್ನ ಮುಖವನ್ನು. ನಮ್ಮ ಅಡುಗೆಮನೆಯಲ್ಲಿ ಇಬ್ಬರೂ ನಿಂತು ತೆಗೆಸಿಕೊಂಡು ಗುಂಪಿಗೆ ಹಾಕಿದ್ದ ಫೋಟೋ ಅದು. ನನ್ನನ್ನು ಕತ್ತರಿಸಿ ತೆಗೆದಿದ್ದಾರೆ. ಸರಿಯಾಗಿ ಕತ್ತರಿಸಲೂ ಬರುವುದಿಲ್ಲ ಅವರಿಗೆ, ನಿನ್ನ ಹೆಗಲ ಮೇಲೆ ನನ್ನ ನಾಲ್ಕು ಬೆರಳು ಹಾಗೇ ಉಳಿದಿದ್ದವು.

ನನಗೆ ಕೂರಲಾಗಲಿಲ್ಲ. ಮರುದಿನವೇ ಅವರ ಕಚೇರಿಗೆ ಹೋದೆ. ಲಿಫ್ಟ್ ಇಲ್ಲದ ಮೂರನೆಯ ಮಹಡಿ, ನನ್ನ ಮೊಣಕಾಲು ನಿನಗೆ ಗೊತ್ತಲ್ಲ. ಅಲ್ಲಿದ್ದವನು ಯಾರು ಹೇಳು? ಅಶ್ವಿತ್. ಕಾಲೇಜಿಗೆ ಹೋಗುವಾಗ ಮೂರು ವರ್ಷ ನಮ್ಮ ಹೋಟೆಲಿನಲ್ಲೇ ಉಂಡವನು, ನನ್ನ ಕೈಯಿಂದ ಹೆಚ್ಚಿಗೆ ಸಾರು ಹಾಕಿಸಿಕೊಂಡವನು. "ಆಂಟಿ ಬನ್ನಿ, ಕೂತ್ಕೊಳ್ಳಿ, ಎಂತ ಕುಡೀತೀರಿ?" ಎಂದ.

"ನೀನು ಹಾಕಿದ್ದು ಸುಳ್ಳು" ಎಂದೆ.

"ನಾವು ಹೇಳ್ಲಿಲ್ಲ ಆಂಟಿ, ಕೇಳಿದ್ದು. ಕ್ವೆಶ್ಚನ್ ಮಾರ್ಕ್ ಹಾಕಿದ್ದೇವಲ್ಲ."

"ಬೂತಾಯಿ ಅಂದ್ರೆ ಎಂತ ಅಂತ ನಿನಗೆ ಗೊತ್ತಿಲ್ವಾ? ಎಷ್ಟು ತಿಂದಿದ್ದಿ ನಮ್ಮಲ್ಲಿ?"

"ನನಗೆ ಗೊತ್ತುಂಟು. ವ್ಯೂವರ್ಸ್‌ಗೆ ಗೊತ್ತಿಲ್ಲದವ್ರು ಸುಮಾರು ಜನ ಇದ್ದಾರೆ."

"ಹಾಗಾದ್ರೆ ಹೇಳು ಅವರಿಗೆ. ಅದನ್ನು ಬರೆದದ್ದು ನಾನು. ರುಮೈಸಾ ಊರಲ್ಲೇ ಇಲ್ಲ. ಕ್ಯಾಮರಾ ತಾ, ನಾನೇ ಹೇಳ್ತೇನೆ."

ಅವನು ಚಹಾದ ಲೋಟವನ್ನು ನನ್ನ ಮುಂದೆ ಸರಿಸಿದ. ಆಮೇಲೆ ಬಹಳ ಮೆಲ್ಲಗೆ, ನನಗೆ ಬುದ್ಧಿ ಹೇಳುವವನ ಹಾಗೆ ಹೇಳಿದ: "ನೀವು ಬರೆದದ್ದು ಅಂತಾದ್ರೆ ಅದರಲ್ಲಿ ಸ್ಟೋರಿ ಇಲ್ಲ ಆಂಟಿ."

ಆ ಚಹಾ ಮುಟ್ಟದೆ ಮೆಟ್ಟಿಲು ಇಳಿದು ಬಂದೆ. ಅದೇ ಸಾಲು, ಅದೇ ಮೀನು. ನನ್ನ ಹೆಸರು ಹಾಕಿದರೆ ಅಡುಗೆ, ನಿನ್ನ ಹೆಸರು ಹಾಕಿದರೆ ಅಪರಾಧ. ಇದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಎದುರಿಗೆ ಕೂತು, ಚಹಾ ಮುಂದಿಟ್ಟು, ಯಾರೂ ಹಾಗೆ ಹೇಳಿರಲಿಲ್ಲ.

ನಿನ್ನ ತವರು ತೊಕ್ಕೊಟ್ಟಿನ ಸುದ್ದಿ ನಿನ್ನ ಮನೆಯವರು ನಿನಗೆ ಪೂರ್ತಿ ಹೇಳಿರಲಿಕ್ಕಿಲ್ಲ, ಬಾಣಂತಿ ಇರುವ ಮನೆ ಎಂದು. ಹತ್ತಿಪ್ಪತ್ತು ಜನ ಅಬೂಬಕ್ಕರನ ಅಂಗಡಿಯ ಎದುರು ನಿಂತು ಕೂಗಾಡಿದರು. ಕಲ್ಲು ಹೊಡೆಯಲಿಲ್ಲ. ಫೋನು ಹಿಡಿದು ಚಿತ್ರ ತೆಗೆದುಕೊಂಡು ಹೋದರು, ಅಷ್ಟೆ. ಅವನು ವಾರವಿಡೀ ಶಟರ್ ಎತ್ತಲಿಲ್ಲ. ವಿಷಯ ತಿಳಿದ ದಿನವೇ ನಾನು ಬಸ್ಸು ಹತ್ತಿ ಹೋದೆ. ನಿನ್ನ ಅಮ್ಮ ಪಾತುಮ್ಮ ಬಾಗಿಲಲ್ಲೇ "ಬಲ ಮಗಾ", ಬಾ ಮಗಳೇ, ಎಂದು ಕೈ ಹಿಡಿದು ಒಳಗೆ ಕರಕೊಂಡು ಹೋದರು. ನಾನು ಅಳಬಾರದು ಎಂದುಕೊಂಡು ಹೋದವಳು ಅತ್ತುಬಿಟ್ಟೆ, ಅವರೇ ನನ್ನನ್ನು ಸಮಾಧಾನ ಮಾಡಬೇಕಾಯಿತು. "ನೀನು ಯಾಕೆ ಅಳೂದು? ನಿನ್ನನ್ನು ಯಾರೂ ಎಂತದೂ ಹೇಳ್ಲಿಲ್ಲಲ್ಲ" ಎಂದರು. ಅವರು ಸಾಂತ್ವನಕ್ಕೆ ಹೇಳಿದ್ದು. ನನಗೆ ಅದೇ ನಾಟಿತು.

ಗುಂಪಿನವರ ವಿಷಯ ಹೇಳುತ್ತೇನೆ, ಕೇಳು. ಪ್ರತಿ ವಾರ ನಿನ್ನ ಅಕ್ಕಿಯ ನೈಪತ್ತಿರಿಯ ಚಿತ್ರಕ್ಕೆ ಹೃದಯದ ಗುರುತು ಒತ್ತುತ್ತಿದ್ದವರೇ ಚಾನೆಲಿನ ಕೆಳಗೆ ಹೋಗಿ, "ನನಗೆ ಮೊದಲೇ ಡೌಟ್ ಇತ್ತು" ಎಂದು ಬರೆದರು. ಎಂಥ ಡೌಟು? ಉಪ್ಪಿನದ್ದಾ? ಉಳಿದವರು, ಒಳ್ಳೆಯವರು ಎಂದು ನಾನು ತಿಳಿದವರು, ನನಗೆ ಮಾತ್ರ ಕಾಣುವ ಹಾಗೆ "ಬೇಸರವಾಯಿತು ಮೇಡಂ" ಎಂದು ಬರೆದರು. ಅದನ್ನೇ ಅಲ್ಲಿ ಬರೆಯಿರಿ ಎಂದರೆ, "ಯಾಕೆ ಸುಮ್ಮನೆ" ಎಂದರು. ಒಬ್ಬ ಯೂಸ್ಟೇಸ್ ಮಾತ್ರ ತಮ್ಮ ಹೆಸರು, ಮನೆಯ ವಿಳಾಸ ಎಲ್ಲ ಹಾಕಿ, "ಬೂತಾಯಿ ಎಂದರೆ ಮೀನು. ನಾನು ಎಪ್ಪತ್ತೊಂದು ವರ್ಷದಿಂದ ತಿನ್ನುತ್ತಿದ್ದೇನೆ. ಈ ಇಬ್ಬರು ಹೆಂಗಸರು ಮರ್ಯಾದಸ್ಥರು, ಉಪ್ಪು ಮಾತ್ರ ಜಾಸ್ತಿ ಹಾಕುತ್ತಾರೆ" ಎಂದು ಬರೆದರು. ಅವರಿಗೆ ಎಷ್ಟು ಬೈಗುಳ ಬಿತ್ತು ಗೊತ್ತುಂಟಾ? ಆದರೂ ಅಳಿಸಲಿಲ್ಲ. ಇನ್ನು ಮೇಲೆ ನಾನು ಉಪ್ಪು ಕಡಿಮೆ ಹಾಕುತ್ತೇನೆ, ಅವರ ಮರ್ಯಾದೆಗೆ.

ಹೇಗೆ ಮುಗಿಯಿತು ಎಂದರೆ, ಮುಗಿಯಲಿಲ್ಲ, ಸವೆಯಿತು. ಯಾವುದೋ ನಟಿಯ ಮದುವೆ ಮುರಿದ ಸುದ್ದಿ ಬಂತು, ಎಲ್ಲರೂ ಅತ್ತ ಓಡಿದರು. ಚಾನೆಲಿನವರು ಆ ವಿಡಿಯೋ ಮೆಲ್ಲಗೆ ತೆಗೆದುಬಿಟ್ಟರು. ತಪ್ಪಾಯಿತು ಎಂದು ಒಂದು ಮಾತಿಲ್ಲ. ಮೊನ್ನೆ ಕಂಪೆನಿಯಿಂದ ಬಂತು: "ನಿಮ್ಮ ಗುಂಪನ್ನು ಮರಳಿ ನೀಡಲಾಗಿದೆ. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ." ಅನಾನುಕೂಲ! ಬಸ್ಸು ತಡವಾದರೆ ಅನಾನುಕೂಲ. ಅದರ ಬೆನ್ನಿಗೇ ಚಾನೆಲಿನ ಅಶ್ವಿತ್‌ನ ಫೋನು: "ಆಂಟಿ, ಈಗ ನಿಮ್ದು ಒಂದು ಫಿಶ್ ಕುಕರಿ ಶೋ ಮಾಡುವ. ಬೂತಾಯಿ ಟ್ರೆಂಡಿಂಗ್ ಉಂಟು." ನಾನು ಹೇಳಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ನಮ್ಮವರು ಒಳಗಿನಿಂದ ಓಡಿ ಬಂದರು, ಯಾರಿಗೆ ಏನಾಯಿತು ಎಂದು.

ಗುಂಪು ತೆರೆದು ನೋಡಿದೆ. ಒಳಗೆ ಅದಾಗಲೇ ಕಚ್ಚಾಟ. ಮೀನಿನ ಚಿತ್ರ ಒಂದೂ ಇಲ್ಲ. ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿದೆ: ಗುಂಪನ್ನು ಅಳಿಸಿಹಾಕಿದೆ. ಖಚಿತವೇ ಎಂದು ಅದು ಮೂರು ಸಲ ಕೇಳಿತು. ನಿನ್ನ ಫೋಟೋ ಹರಿದಾಡುವಾಗ ಒಮ್ಮೆಯಾದರೂ ಹಾಗೆ ಕೇಳಿತ್ತಾ? ಐದು ವರ್ಷದ ಅಡುಗೆಗಳು ಹೋದವು. ಹೋಗಲಿ, ನನ್ನ ಕೈಗೆ ನೆನಪಿದೆ, ನಿನ್ನ ಕೈಗೂ ನೆನಪಿರಬೇಕು.

ಜಲಜಾಕ್ಷಿ ಈಗಲೂ ಬರುತ್ತಾಳೆ. ಮೊನ್ನೆ ಬುಟ್ಟಿ ಇಳಿಸಿ, ಅತ್ತಿತ್ತ ನೋಡಿ, "ಅಕ್ಕ, ಬೂತಾಯಿ ಅಂತ ಜೋರಾಗಿ ಹೇಳಬಹುದಾ ಈಗ?" ಎಂದು ಕೇಳಿದಳು. ತಮಾಷೆಗೆ ಕೇಳಿದಳೋ ನಿಜಕ್ಕೋ ಗೊತ್ತಾಗಲಿಲ್ಲ.

ಮಗುವಿನ ತಲೆಗೆ ಎಣ್ಣೆ ಚೆನ್ನಾಗಿ ಹಚ್ಚು, ಅಲ್ಲಿನ ಎಸಿಯಲ್ಲಿ ಒಣಗಿಸಬೇಡ. ಸೊಸೆಗೆ ಲೇಹ್ಯ ಬೆಳಿಗ್ಗೆಯೇ ಕೊಡು. ಆ ಪುಟ್ಟವಳು ಸುಖವಾಗಿ ಬೆಳೆಯಲಿ, ತನ್ನ ಅಜ್ಜಿಯ ಊರಿನ ಮೀನುಗಳ ಹೆಸರನ್ನೆಲ್ಲ ಗಟ್ಟಿಯಾಗಿ ಹೇಳುವಂಥವಳಾಗಲಿ. ಶಾಹುಲ್‌ಗೆ ನನ್ನ ಆಶೀರ್ವಾದ.

ನಿನ್ನ
ಕುಶಲಾ

ಮರೆತ ಮಾತು: ಮರೆತದ್ದಲ್ಲ, ಬರೆಯುವುದೋ ಬೇಡವೋ ಎಂದು ಇಷ್ಟುದ್ದ ಬರೆದೆ. ಚಾನೆಲಿಗೆ ನೀನು ಕಳಿಸಿದ ಹೇಳಿಕೆಯನ್ನು ಅವರು ಪರದೆಯ ಮೇಲೆ ಹಾಕಿದ್ದರು. "ಆ ಬರಹ ನನ್ನದಲ್ಲ. ಗುಂಪಿನ ಇನ್ನೊಬ್ಬ ಮಹಿಳೆಯ ಪರಿಚಯ ನನಗೆ ಅಷ್ಟಾಗಿ ಇಲ್ಲ." ಮೊದಲನೆಯ ಮಾತು ನಿಜ, ಅದನ್ನು ನೀನು ಹೇಳಲೇಬೇಕಿತ್ತು. ಎರಡನೆಯದು ಶಾಹುಲ್ ಬರೆದುಕೊಟ್ಟದ್ದು, ನನಗೆ ಗೊತ್ತು. ಅವನ ಕೆಲಸ, ವೀಸಾ, ಆಗ ತಾನೇ ಹುಟ್ಟಿದ ಮಗು. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ ಎಂದು ಬರೆಯಲು ಹೊರಟೆ. ಆದರೆ ನಿನ್ನ ಜಾಗಕ್ಕೆ ನನ್ನನ್ನು ಯಾರೂ ನಿಲ್ಲಿಸುವುದೇ ಇಲ್ಲ. ಅದಕ್ಕೇ ನನಗೆ ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುತ್ತಿಲ್ಲ. ನೀನು ಫೋನು ಎತ್ತದಿರುವುದೂ ಅರ್ಥವಾಗುತ್ತದೆ. ಆ ಹೇಳಿಕೆಯನ್ನು ವಾಪಸು ತೆಗೆದುಕೊಳ್ಳಬೇಡ, ಅದು ಹಾಗೇ ಇರಲಿ. ಅಬೂಬಕ್ಕರ್ ಹಿಂದಿರುಗುವಾಗ ಒಂದು ಚೀಟಿ ಕೊಟ್ಟು ಕಳಿಸು. ಕಾಗದವನ್ನು ಯಾರೂ ನೋಡುವುದಿಲ್ಲ. "ಕುಶಲಾ ನನಗೆ ಗೊತ್ತು" ಎಂದು ಬರೆ, ಸಾಕು.