ಆಧಾರವಿರುವ ಸಾಲು

ಜೂನ್ 4, ಬೆಳಗ್ಗೆ

ಚಹಾ ಆರುವಷ್ಟರಲ್ಲಿ ಎರಡು ಪುಟ ಮುಗಿಸಿದೆ. ಯಾರು ಬೇಕಾದರೂ ಬರೆಯಬಹುದಾದ ಆನ್‌ಲೈನ್ ವಿಶ್ವಕೋಶದಲ್ಲಿ ಒಬ್ಬ ಪುಣ್ಯಾತ್ಮ ನಮ್ಮ ನದಿಯನ್ನು ನಲವತ್ತು ಕಿಲೋಮೀಟರ್ ಹೆಚ್ಚಿಗೆ ಉದ್ದ ಮಾಡಿಟ್ಟಿದ್ದ. ಸರಿಪಡಿಸಿದೆ. ಇನ್ನೊಬ್ಬ ತನ್ನ ಮಾವನನ್ನು ಹೆಸರಾಂತ ಸಮಾಜಸೇವಕ ಎಂದು ಬರೆದಿದ್ದ. ತೆಗೆದೆ. ಕಾರಣದ ಜಾಗದಲ್ಲಿ ಎಂದಿನಂತೆ — ಆಧಾರವಿಲ್ಲ.

ಸಂಬಳವಿಲ್ಲದ ಈ ಚಾಕರಿಗೆ ಅಣ್ಣ ಇಟ್ಟ ಹೆಸರು ‘ಇಂಟರ್ನೆಟ್ಟಿನ ಕಸ ಗುಡಿಸೋದು’. ನಗಲಿ. ಅಮ್ಮನ ಕಾಯಿಲೆಯ ಬಗ್ಗೆ ಡಾಕ್ಟರ್ ಎರಡು ಮಾತು ಹೇಳಿ ಎದ್ದು ಹೋದಾಗ ನಮಗೆ ದಾರಿ ತೋರಿಸಿದ್ದು ಇವೇ ಪುಟಗಳು. ಗುರುತು ಪರಿಚಯವಿಲ್ಲದ ಯಾರೋ ಕೂತು ಬರೆದದ್ದು. ಆ ಋಣ ನನ್ನ ಮೇಲಿದೆ.

ಲ್ಯಾಬಿಗೆ ತಡವಾಯಿತು. ಟೈಪ್ ಮಾಡಬೇಕಾದ ರಿಪೋರ್ಟ್ ರಾಶಿ ಬಿದ್ದಿವೆ.

ಜೂನ್ 9

ಪುಟ್ಟಿ, ಅಣ್ಣನ ಮಗಳು, ಶಾಲೆಯಿಂದ ನೇರ ಇಲ್ಲಿಗೇ ಬಂದಳು. ಬ್ಯಾಗನ್ನೂ ಕೆಳಗಿಡಲಿಲ್ಲ.

“ಅತ್ತೆ, ಅಪ್ಪ ಅವತ್ತು ಕುಡಿದಿದ್ರಾ?”

ಅವತ್ತು ಎಂದರೆ ಲಾಂಚ್ ಮುಳುಗಿದ ದಿನ. ಬರುವ ಆಗಸ್ಟಿಗೆ ನಾಲ್ಕು ವರ್ಷ. ಲಾಂಚ್ ನಡೆಸುತ್ತಿದ್ದವನು ಅಣ್ಣ. ಮಂಜು, ಸೇತುವೆಯ ಕಂಬ, ಹನ್ನೊಂದು ಜೀವ. ಚುಕ್ಕಾಣಿಯ ಸರಪಳಿ ತುಂಡಾಗಿತ್ತು ಎಂದು ವಿಚಾರಣೆಯಲ್ಲೇ ತೀರ್ಮಾನವಾಗಿತ್ತು. ಕುಡಿತದ ಮಾತನ್ನೇ ಯಾರೂ ಎತ್ತಿರಲಿಲ್ಲ.

“ಯಾರು ಹೇಳಿದ್ದು?”

“ವಿಶ್ವಕೋಶದಲ್ಲಿದೆ. ಪ್ರಾಜೆಕ್ಟಿಗೆ ಅಂತ ಕ್ಲಾಸಲ್ಲಿ ಎಲ್ರೂ ಓದಿದ್ರು. ಅದ್ರಲ್ಲಿ ಸುಳ್ಳಿದ್ರೆ ತೆಗೆದು ಹಾಕ್ತೀವಿ ಅಂತ ನೀವೇ ಹೇಳಿದ್ರಲ್ಲ ಅತ್ತೆ...”

ಊರಿನವರ ಪುಟಗಳನ್ನೆಲ್ಲ ತಿದ್ದಿದವಳು ಆ ದುರಂತದ ಪುಟವನ್ನು ಒಮ್ಮೆಯೂ ತೆರೆದಿರಲಿಲ್ಲ. ಧೈರ್ಯ ಬಂದಿರಲಿಲ್ಲ.

ಅದೇ ದಿನ, ಸಂಜೆ

ತೆರೆದೆ. “ಚಾಲಕ ಮದ್ಯಪಾನ ಮಾಡಿದ್ದನೆಂದು ತಿಳಿದುಬಂದಿದೆ.” ಒಂದೇ ಸಾಲು. ಅಡಿಟಿಪ್ಪಣಿಯಲ್ಲಿ ಪತ್ರಿಕೆಯ ಹೆಸರು, ತಾರೀಖು. ಅಚ್ಚುಕಟ್ಟು. ಬೇರೆ ಯಾರ ಅಣ್ಣನಾಗಿದ್ದರೂ ನಾನೇ ಪಾಸ್ ಮಾಡುತ್ತಿದ್ದೆ.

ಅಳಿಸಿದೆ. ಕಾರಣ — ಸುಳ್ಳು.

ಕೈ ತೊಳೆದು ಬರುವಷ್ಟರಲ್ಲಿ ಸಾಲು ವಾಪಸ್. ಹಾಕಿದ್ದು ಮೇಷ್ಟ್ರು. ಮುಖ ನೋಡಿಲ್ಲ, ಎಲ್ಲರ ತಪ್ಪು ತಿದ್ದುತ್ತಾರೆಂದು ನಾವು ಸಂಪಾದಕರು ಇಟ್ಟ ಅಡ್ಡಹೆಸರು. “ಆಧಾರವಿರುವ ಸಾಲನ್ನು ಹೀಗೆ ಅಳಿಸಬಾರದೆಂದು ನಿಮಗೂ ಹೇಳಬೇಕೇ?” ಎಂದು ಬರೆದಿದ್ದಾರೆ.

ಬೇಕಿಲ್ಲ. ಹೊಸಬರಿಗೆ ಆ ನಿಯಮ ಕಲಿಸುವವಳು ನಾನೇ.

ಜೂನ್ 11, ಊಟದ ಬಿಡುವು

ಪತ್ರಿಕೆಯ ವರದಿಗಾರ ಕೊನೆಗೂ ಫೋನಿಗೆ ಸಿಕ್ಕ.

“ಅದು ಮೂರನೇ ವರ್ಷದ ನೆನಪಿಗೆ ಅಂತ ಬರೆದಿದ್ದು ಮೇಡಂ. ಸ್ವಲ್ಪ ಅವಸರ ಇತ್ತು.”

“ಕುಡಿದಿದ್ರು ಅಂತ ನಿಮಗೆ ಹೇಳಿದ್ಯಾರು?”

“ಯಾರೂ ಹೇಳಿಲ್ಲ. ವಿಶ್ವಕೋಶದಲ್ಲೇ ಇತ್ತಲ್ಲ!”

ಅವನು ನಮ್ಮನ್ನು ನೋಡಿ ಬರೆದ. ನಾವು ಅವನನ್ನು ನೋಡಿ ನಂಬಿದೆವು. ಮಧ್ಯೆ ಅಣ್ಣ. ತಿದ್ದುಪಡಿ ಹಾಕಿ ಎಂದೆ. ಎಡಿಟರನ್ನು ಕೇಳಿ ಹೇಳುತ್ತೇನೆ ಎಂದವನು ಆಮೇಲೆ ಫೋನನ್ನೇ ಎತ್ತಲಿಲ್ಲ.

ಜೂನ್ 12

ಯಾವ ಸಾಲನ್ನು ಯಾರು, ಯಾವಾಗ ಸೇರಿಸಿದರು ಎಂಬುದೆಲ್ಲ ಪುಟದ ಇತಿಹಾಸದಲ್ಲಿ ಉಳಿದಿರುತ್ತದೆ. ಕೆದಕಿದೆ. ಸಾಲು ಮೊದಲು ಬಂದದ್ದು ಕಳೆದ ವರ್ಷದ ಫೆಬ್ರವರಿಯಲ್ಲಿ, ಹೆಸರಿಲ್ಲದ ಯಾವನೋ ಸೇರಿಸಿದ್ದು. ಪತ್ರಿಕೆಯ ಲೇಖನ ಅದರ ಮುಂದಿನ ಆಗಸ್ಟಿನದು. ಆಧಾರಕ್ಕಿಂತ ಸಾಲೇ ಆರು ತಿಂಗಳು ಹಳೆಯದು — ಅಪ್ಪನಿಗಿಂತ ಮಗನೇ ದೊಡ್ಡವನು!

ಎಲ್ಲವನ್ನೂ ಸಂಪಾದಕರ ಚರ್ಚೆಗೆ ಹಾಕಿದೆ. ನಾನು ಆ ಚಾಲಕನ ತಂಗಿ ಎಂದೂ ಬರೆದೆ. ಮುಚ್ಚಿಟ್ಟು ಗೆಲ್ಲುವ ಮನಸ್ಸಾಗಲಿಲ್ಲ.

ಮೇಷ್ಟ್ರ ಉತ್ತರ — ಸಂಬಂಧಿಕರು ಈ ಪುಟ ಮುಟ್ಟುವಂತಿಲ್ಲ. ಉಳಿದವರ ಅಭಿಪ್ರಾಯಕ್ಕೆ ಒಂದು ತಿಂಗಳು ಕಾಯೋಣ. ಅಲ್ಲಿಯವರೆಗೆ ಸಾಲು ಇರಲಿ.

ನ್ಯಾಯವಾದ ಮಾತೇ. ಆದರೂ ಹಾಳಾಗಿ ಹೋಗಲಿ ಇವರ ತಿಂಗಳು.

ಜೂನ್ 23

ಅಣ್ಣನ ಮನೆ. ಅತ್ತಿಗೆ ಬಾಗಿಲಲ್ಲೇ ತಡೆದು ಪಿಸುಗುಟ್ಟಿದಳು: “ಪುಟ್ಟಿ ಅಪ್ಪನ ಜೊತೆ ಊಟಕ್ಕೇ ಕೂರಲ್ಲ ಕಣೆ. ಕುಡಿದಿಲ್ಲ ಅಂದ್ರೆ ಹಾಗಂತ ಯಾಕೆ ಹಾಕಿದಾರೆ ಅಂತಾಳೆ. ನಾನೇನು ಹೇಳ್ಲಿ?”

ಒಳಗೆ ಅಣ್ಣ ಫೋನ್ ಹಿಡಿದು ಕೂತಿದ್ದ. ಓದುತ್ತಾನೆ, ಕೆಳಗಿಡುತ್ತಾನೆ, ಮತ್ತೆ ಎತ್ತಿಕೊಳ್ಳುತ್ತಾನೆ. “ಇಲ್ಲೂ ಇದೆ ನೋಡು,” ಎಂದ. ಬೇರೆ ವೆಬ್‌ಸೈಟ್. ನಮ್ಮದನ್ನೇ ಕಾಪಿ ಹೊಡೆದದ್ದು. ಇನ್ನೊಂದು ತೋರಿಸಿದ. ಅದೂ ಅಷ್ಟೇ.

“ಎಲ್ಲಾ ಒಂದೇ ಕಡೆಯಿಂದ ಹೋಗಿದ್ದು ಅಣ್ಣ. ಒಬ್ಬನೇ ಯಾವನೋ ಬರೆದಿದ್ದು.”

“ಹೂಂ,” ಎಂದ. ಓದುತ್ತಲೇ ಇದ್ದ.

ಜುಲೈ 14, ಸಂಜೆ

ಸಾಲು ಹೋಯಿತು! ಮೇಷ್ಟ್ರೇ ತೆಗೆದರು. ಕೆಳಗೆ ಬರೆದಿದ್ದಾರೆ: “ಆಧಾರವಿಲ್ಲದೆ ನಿಂತಿದ್ದ ಸಾಲಿಗೆ ಆ ಲೇಖನ ಹುಡುಕಿ ಜೋಡಿಸಿದವನು ನಾನೇ. ಒಳ್ಳೆಯದೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ನಿಮ್ಮ ಅಣ್ಣನವರ ಕ್ಷಮೆ ಕೇಳುತ್ತೇನೆ.” ನಾನೂ ಅಂಥ ಎಷ್ಟು ಸಾಲುಗಳಿಗೆ ಆಧಾರ ಹುಡುಕಿ ಅಂಟಿಸಿದ್ದೇನೋ.

ಚಪ್ಪಲಿ ಮೆಟ್ಟಿ ಅಣ್ಣನ ಮನೆಗೆ ಓಡಿದೆ. ಪುಟ್ಟಿಯನ್ನೂ ಕರೆದು ಕೂರಿಸಿದೆ. “ನೋಡು, ಇಲ್ಲ. ಸುಳ್ಳು ಅಂತ ಒಪ್ಕೊಂಡ್ರು.”

ಪುಟ್ಟಿ ಫೋನ್ ನೋಡಲಿಲ್ಲ. ಅಪ್ಪನ ಮುಖ ನೋಡಿದಳು. ಅವನು ಒಂದು ಮಾತು ಹೇಳಲಿ ಎಂದು ಕಾದಳು.

“ಯಾಕೆ ತೆಗೆಸೋಕೆ ಹೋದೆ?” ಎಂದ ಅಣ್ಣ.

“ಸುಳ್ಳಲ್ವಾ ಅಣ್ಣ?”

“ಕುಡಿದಿದ್ದೆನೋ ಏನೋ... ಅಷ್ಟು ಜನ ಬರೆದಿದಾರಲ್ಲ. ಆ ಬೆಳಗ್ಗೆ ನೆನಪು ಮಾಡ್ಕೊಳ್ಳೋಕೆ ಹೋದ್ರೆ, ಈಗೀಗ ಬಾಯಲ್ಲಿ ವಾಸನೇನೂ ಬರತ್ತೆ ಕಣೇ.”

ಪುಟ್ಟಿ ಎದ್ದು ಒಳಗೆ ಹೋದಳು. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡಳು.

ಜುಲೈ 15, ಬೆಳಗ್ಗೆ

ಲ್ಯಾಬಿಗೆ ರಜೆ ಹೇಳಿದೆ. ಪುಟ್ಟಿ ಶಾಲೆಗೆ ಹೊರಡುವ ಮೊದಲು ಹೋಗಿ ಹೇಳಬೇಕು. ಅಪ್ಪ ಮನಸ್ಸು ಕೆಟ್ಟು ಆಡಿದ ಮಾತು ಅದು, ನಂಬಬೇಡ ಎಂದು. ಹೇಗೆ ಹೇಳುವುದು ಎಂದು ಇಲ್ಲಿ ಮೊದಲು ಬರೆದುಕೊಳ್ಳುತ್ತಿದ್ದೇನೆ. ಅವಳು ಪ್ರಶ್ನೆ ಕೇಳುವ ಹುಡುಗಿ. ನಾನೇ ಕಲಿಸಿದ್ದು.

ಅಣ್ಣ ಅವತ್ತು ಕುಡಿದಿರಲಿಲ್ಲ. ಅವನನ್ನು ಸೇರಿಸಿದ ಆಸ್ಪತ್ರೆಯಲ್ಲಿ ಯಾರೂ ರಕ್ತ ಪರೀಕ್ಷೆ ಮಾಡಲಿಲ್ಲ, ನಿಜ. ಆ ಬೆಳಗ್ಗೆ ನಾನು ಅವನನ್ನು ನೋಡಿರಲಿಲ್ಲ, ಅದೂ ನಿಜ. ಆದರೂ ಕುಡಿದಿರಲಿಲ್ಲ. ನನಗೆ ಗೊತ್ತು. ಹೇಗೆ ಗೊತ್ತು ಎಂದರೆ —