ಗೋಡೆಯ ಬೆವರು

ಇಸವಿ ೨೨೯೧, ಎರಡನೆಯ ಬೇಸಿಗೆಯ ಒಂಬತ್ತನೆಯ ದಿನ.

ನೀಲವೇಣಿ ಅಜ್ಜಿಗೆ, ಹೊನ್ನಾಂಬೆ ಮಾಡುವ ನಮಸ್ಕಾರ.

ಈ ಕಾಗದ ಬಂದು ಸೇರುವ ನಿಮ್ಮ ಕಾಲದಲ್ಲಿ ನಿಮಗಿನ್ನೂ ಮೂವತ್ತೆರಡು, ಬರೆಯುವ ನನಗೆ ಅರವತ್ತೆಂಟು. ಆದರೂ ಒಂಬತ್ತು ತಲೆ ಹಿಂದಿನವರಾದ್ದರಿಂದ ನೀವೇ ಅಜ್ಜಿ. ವರ್ಷಕ್ಕೆರಡು ಬೇಸಿಗೆ ಎಲ್ಲಿಂದ ಬಂತೆಂದು ಹುಬ್ಬೇರಿಸಬೇಡಿ, ನಮಗೆ ಬರುತ್ತವೆ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಕೆಲಸ ಮಾಡುವ ಆ ಹಳೆಯ ಕಾಂಕ್ರೀಟ್ ಅಣೆಕಟ್ಟನ್ನೇ ನಾನೂ ಕಾಯುತ್ತಿದ್ದೆ. ಕೆಳಗಿನ ಹರಿಗೋಲುಹಳ್ಳಿಗೆ ಅದರಿಂದಲೇ ಬೆಳಕುಪಾಲು, ಅಂದರೆ ಮನೆಗಿಷ್ಟು ಎಂದು ಹಂಚುವ ಕರೆಂಟು. ದಿನಾ ಬೆಳಿಗ್ಗೆ ಗೋಡೆಯೊಳಗಿನ ಸುರಂಗಕ್ಕಿಳಿದು, ಜಿನುಗುವ ನೀರನ್ನು ನೋಡಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಆ ನೀರಿಗೆ ನಮ್ಮಲ್ಲಿ ಬೆವರು ಎನ್ನುತ್ತಾರೆ. ಗೋಡೆ ನಮಗಾಗಿ ದುಡಿಯುತ್ತದೆ, ದುಡಿದು ಬೆವರುತ್ತದೆ ಎಂಬ ನಂಬಿಕೆ. ಹುಟ್ಟಿದ ಕೂಸಿನ ನಾಲಿಗೆಗೆ ಮೊದಲು ಅದರದೇ ಒಂದು ಹನಿ. ಬೆವರು ಜಾಸ್ತಿಯಾದ ವರ್ಷ ಊರಿಗೆಲ್ಲ ಪಾಯಸ.

ಈ ಪದ ಎಲ್ಲಿಂದ ಬಂತೆಂದು ಹಳೆಯ ಪುಸ್ತಕಗಳನ್ನು ಈಗ ತಿರುವಿ ನೋಡಿದೆ. ಮೊದಲು ಬರೆದವರು ನೀವು, ತಮಾಷೆಗೆ: ‘ಗೋಡೆಗೆ ಬೆವರು. ಪಾಪ, ದುಡಿಯುತ್ತಿದೆ.’

ಹೋದ ತಿಂಗಳು ಪಕ್ಕದ ಮನೆಯ ಕೆಂಚವ್ವ, ಮಗಳಿಗೆ ಹೆರಿಗೆಯಾಯಿತು, ಕೂಸಿಗೆ ಬೆವರು ಬೇಕೆಂದು ತಂಬಿಗೆ ಹಿಡಿದು ಸುರಂಗಕ್ಕೆ ಬಂದಳು. ಜಿನುಗುವ ನೀರು ಕದಡಿತ್ತು.

“ಅಕ್ಕೋ, ಇದೇನು ಮಣ್ಣು ಬತ್ತಾದೆ?” ಎಂದಳು.

“ಗೇಯೋರಿಗೆ ಬೆವರು ಬರ್ದೆ ಇದ್ದದಾ, ಬುಡು,” ಎಂದೆ.

ನನಗೆ ಗೊತ್ತಿತ್ತು ಅಜ್ಜಿ. ನೀರಿನ ಜೊತೆ ಮಣ್ಣು ಬಂದರೆ ಗೋಡೆಯ ಬುಡ ಕರಗುತ್ತಿದೆ ಎಂದೇ ಅರ್ಥ. ಹಾಗೆಂದು ಬರೆದರೆ ಜಲಾಶಯ ಬರಿದು ಮಾಡಬೇಕು, ಊರು ಕತ್ತಲಾಗಬೇಕು, ಎಲ್ಲರ ಬೈಗುಳ ನನಗೆ. ‘ಬೆವರು, ಮಾಮೂಲು’ ಎಂದು ಬರೆದೆ. ತಿಳಿಯಾದ ಮೇಲೆ ತುಂಬಿಸಿ ತರುತ್ತೇನೆಂದು ತಂಬಿಗೆಯನ್ನು ಸುರಂಗದಲ್ಲೇ ಇರಿಸಿಕೊಂಡು ಅವಳನ್ನು ಮನೆಗೆ ಕಳಿಸಿದೆ. ಮೂರನೆಯ ದಿನ ಗೋಡೆಯ ಎಡಮಗ್ಗುಲು ಕಿತ್ತುಹೋಯಿತು. ಹನ್ನೊಂದು ಮನೆ ಹೋದವು, ನನ್ನದೂ ಹೋಯಿತು. ನಾನು ಸುರಂಗದ ಬಲಮಗ್ಗುಲಲ್ಲಿದ್ದೆ, ಉಳಿದೆ. ಕೆಂಚವ್ವ, ಅವಳ ಮಗಳು, ಹೆಸರಿಡದ ಕೂಸು ಉಳಿಯಲಿಲ್ಲ. ಕೊಂದವಳು ನಾನೇ.

ಊರವರು ನನ್ನನ್ನು ಒಂದು ಮಾತೂ ಅಂದಿಲ್ಲ. ದುಡಿದು ದುಡಿದು ಸತ್ತಿತೆಂದು ಗೋಡೆಗೆ ತಿಥಿ ಮಾಡುತ್ತಿದ್ದಾರೆ. ನಾನು ಆ ಊಟಕ್ಕೆ ಹೋಗದೆ ಈ ಕಾಗದ ಬರೆಯುತ್ತಿದ್ದೇನೆ.

ಅಜ್ಜಿ, ನಿಮ್ಮ ಕಾಲದಲ್ಲಿ ನಿಮ್ಮ ಪುಸ್ತಕದ ಆ ಪುಟ ಇನ್ನೂ ಖಾಲಿ ಇದೆ, ನೀವದನ್ನು ಬರೆಯುವುದು ನಾಳೆ. ನಾಳೆ ಬೆಳಿಗ್ಗೆ ಸುರಂಗದಲ್ಲಿ ನಗು ಬಂದರೆ ನಕ್ಕುಬಿಡಿ, ಬರೆಯುವಾಗ ಮಾತ್ರ ‘ಸೋರುತ್ತಿದೆ’ ಎಂದೇ ಬರೆಯಿರಿ. ನಾನೂ ಹಾಗೇ ಬರೆಯಲು ಕಲಿತಿರುತ್ತೇನೆ. ಆಮೇಲೆ ಕೆಂಚವ್ವ ಬಾಗಿಲಿಗೆ ಬಂದು, ತನ್ನ ತಂಬಿಗೆ ಎಲ್ಲಿ ಎಂದು ಜಗಳ ತೆಗೆಯಲಿ. ಅದಿನ್ನೂ ನನ್ನ ಬಳಿಯೇ ಇದೆ.